ಸಹಾಯ ಬೇಕು: ಆರ್ಕ್ಟಿಕ್ ವಿಜ್ಞಾನ ಓದಲು ದಾರಿ ಯಾವುದು?

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಬಿ.ಎಸ್ಸಿ. ಕೊನೆಯ ವರ್ಷದ ಭೌತಶಾಸ್ತ್ರ ವಿದ್ಯಾರ್ಥಿನಿ. ಮುಂದೆ ಆರ್ಕ್ಟಿಕ್ ಹಿಮ ಮತ್ತು ಹವಾಮಾನ ಬದಲಾವಣೆಯನ್ನು ಅಧ್ಯಯನ ಮಾಡಲೇಬೇಕೆಂದಿದ್ದೇನೆ. ದಾರಿ ಬಲ್ಲವರು ದಯವಿಟ್ಟು ತಿಳಿಸಿ.

ಸಕಲೇಶಪುರದ ನಮ್ಮ ತೋಟದ ಮನೆಯಲ್ಲಿ ಅಜ್ಜ ಇಂಚು, ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ಬರೆದಿಟ್ಟ ಮಳೆ ಲೆಕ್ಕದ ಪುಸ್ತಕವಿದೆ. ಕಾಫಿ ಹೂ ಅರಳಿಸುವ ಹೂಮಳೆ ಬಂದ ದಿನಗಳ ಕೆಳಗೆಲ್ಲ ಕೆಂಪು ಗೆರೆ. ಅದನ್ನು ತಿರುವುತ್ತಲೇ ನನಗೆ ಹವಾಮಾನದ ಗೀಳು ಹತ್ತಿದ್ದು. 1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ. ಬಿಳಿಯ ಮಂಜುಗಡ್ಡೆ ಕರಗಿದಲ್ಲಿ ಕಪ್ಪು ಸಮುದ್ರ ತೆರೆದುಕೊಂಡು ಬಿಸಿಲನ್ನು ಹೀರುತ್ತದೆ, ಅದರಿಂದ ಇನ್ನಷ್ಟು ಮಂಜು ಕರಗುತ್ತದೆ. ಇದಕ್ಕೂ ನಮ್ಮ ಮುಂಗಾರಿಗೂ ಇರಬಹುದಾದ ನಂಟನ್ನು ಭಾರತದ ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಆರ್ಕ್ಟಿಕ್ ಪ್ರದೇಶದಲ್ಲೇ ಇರುವ ನಾರ್ವೆಯ ದ್ವೀಪಸಮೂಹ ಸ್ವಾಲ್ಬಾರ್ಡ್‌ನಲ್ಲಿ ಭಾರತದ್ದೇ ‘ಹಿಮಾದ್ರಿ’ ಸಂಶೋಧನಾ ಕೇಂದ್ರ 2008ರಿಂದ ಇದೆ. ಇದು ನಮ್ಮ ಕಾಲೇಜುಗಳಲ್ಲಿ ಎಷ್ಟು ಜನರಿಗೆ ಗೊತ್ತು?

ಭೌತಶಾಸ್ತ್ರ ಓದಿದವರು ಎಂ.ಎಸ್ಸಿ.ಗೆ ವಾಯುಮಂಡಲ ವಿಜ್ಞಾನ ಆರಿಸಿಕೊಳ್ಳಬೇಕೋ, ಸಾಗರ ವಿಜ್ಞಾನವೋ? ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದಲ್ಲಿ ಪ್ರಾಜೆಕ್ಟ್ ಮಾಡಿದವರು ಈ ಗುಂಪಿನಲ್ಲಿದ್ದರೆ, ಅಲ್ಲಿನ ವಿಜ್ಞಾನಿಗಳಿಗೆ ಹೇಗೆ ಪತ್ರ ಬರೆಯಬೇಕು ಎಂದು ಹೇಳಿಕೊಡಿ.

ಇನ್ನೊಂದು ವಿನಂತಿ. ಹಾಸನ, ಚಿಕ್ಕಮಗಳೂರಿನ ಆಸಕ್ತರು ಭಾನುವಾರಗಳಲ್ಲಿ ಸೇರಿ ಓದಿ ಚರ್ಚಿಸಬಹುದೇ? ಸಮುದ್ರದ ಮಂಜುಗಡ್ಡೆಯ ಉಪಗ್ರಹ ಮಾಹಿತಿ ಉಚಿತವಾಗಿ ಸಿಗುತ್ತದೆ. ನಕ್ಷೆ ನಾವೇ ಬರೆಯಬಹುದು. ಮಾರ್ಗದರ್ಶನ ನೀಡುವ ಒಬ್ಬ ಅಧ್ಯಾಪಕರು ಮತ್ತು ಕೂರಲು ಒಂದು ಕೊಠಡಿ ಬೇಕು. ಬರುವವರು ಇಲ್ಲಿಯೇ ಉತ್ತರಿಸಿ.