ಪ್ರಶ್ನೋತ್ತರ: ಬ್ಯಾಂಕಾಕಿನ ಫಹೋನ್‌ಯೋತಿನ್ ರಸ್ತೆ ಯಾರ ಹೆಸರಿನದು?

ಪ್ರಶ್ನೆ:
ಮೇಡಂ, ನಮಸ್ಕಾರ. ಕೆಲಸದ ಮೇಲೆ ಬ್ಯಾಂಕಾಕಿಗೆ ಬಂದು ಎಂಟು ತಿಂಗಳಾಯಿತು. ನಾನಿರುವ ಮನೆ ಫಹೋನ್‌ಯೋತಿನ್ ರಸ್ತೆಯ ಪಕ್ಕದಲ್ಲಿದೆ. ಮೆಟ್ರೋ ಸ್ಟೇಷನ್ನಿಗೂ ಅದೇ ಹೆಸರು. ಯಾರದು ಅಂತ ಆಫೀಸಿನಲ್ಲಿ ಕೇಳಿದೆ. "ಫ್ರಯಾ ಫಹೋನ್ ಅಂತ, ಸೈನ್ಯದವರು, ಹಿಂದೆ ಪ್ರಧಾನಿಯಾಗಿದ್ದರು" ಅಂದರು. ಫ್ರಯಾ ಅಂದರೆ ರಾಜಮನೆತನದವರಾ? ಹಾಗಿದ್ದರೆ ರಾಜನ ಅಧಿಕಾರದ ವಿರುದ್ಧ ನಿಂತಿದ್ದು ಯಾಕೆ? ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಉತ್ತರ (ಇತಿಹಾಸ ಅಧ್ಯಾಪಕಿ):
ಖಂಡಿತ ಹೇಳುತ್ತೇನೆ. ನನಗೆ ತುಂಬಾ ಇಷ್ಟವಾದ ವಿಷಯ ಇದು.

ಹೆಸರಿನಿಂದಲೇ ಶುರು ಮಾಡೋಣ. ಫಹೋನ್ ಅನ್ನುವುದು ಬಿರುದು. ಮನೆಯಲ್ಲಿ ಇಟ್ಟ ಹೆಸರು ಫೋಟ್. ಥಾಯ್ ಅಕ್ಷರದಲ್ಲಿ ಬರೆದಾಗ ಅದು ನಮ್ಮ 'ವಚನ' ಪದವೇ! ಪೂರ್ತಿ ಬಿರುದು 'ಫಹೋನ್ ಫೋನ್ ಫಯುಹ ಸೇನಾ'. ಥಾಯ್ ಬಾಯಲ್ಲಿ ಹಳೆಯ 'ಬ' ಈಗ 'ಫ' ಆಗುತ್ತದೆ, ಪದದ ಕೊನೆಯ 'ಲ' ಹೋಗಿ 'ನ್' ಬರುತ್ತದೆ. ಹಿಂದಕ್ಕೆ ತಿರುಗಿಸಿ ಓದಿ ನೋಡಿ: ಬಹಲ, ಬಲ, ವ್ಯೂಹ, ಸೇನಾ. ನಿಮ್ಮ ರಸ್ತೆಯ ಯೋತಿನ್ ಅಂದರೆ ಯೋಧ. ಫಹೋನ್‌ಯೋತಿನ್ ಅನ್ನುವುದು ಅವರ ಮನೆತನದ ಹೆಸರು.

ಫ್ರಯಾ ಅಂದರೆ ರಾಜಮನೆತನ ಅಲ್ಲ. ಸಯಾಮಿನಲ್ಲಿ, ಅಂದರೆ ಅಂದಿನ ಥಾಯ್ಲೆಂಡಿನಲ್ಲಿ, ಸರ್ಕಾರಿ ಸೇವೆಯಲ್ಲಿದ್ದವರಿಗೆ ರಾಜ ಕೊಡುತ್ತಿದ್ದ ಪದವಿ. ಖುನ್, ಲುವಾಂಗ್, ಫ್ರ, ಫ್ರಯಾ, ಚಾವ್ ಫ್ರಯಾ ಅಂತ ಮೆಟ್ಟಿಲು ಮೆಟ್ಟಿಲಾಗಿ ಏರಬೇಕಿತ್ತು. ಪದವಿಯ ಜೊತೆಗೆ ಒಂದು ಹೊಸ ಹೆಸರೂ ಸಿಗುತ್ತಿತ್ತು. ಅಪ್ಪನದು ತಾನಾಗಿಯೇ ಮಗನಿಗೆ ಬರುತ್ತಿರಲಿಲ್ಲ. ಆದರೆ ಈ ಮನೆಯಲ್ಲಿ ಅಪ್ಪ ಕಿಮ್, ಅಣ್ಣ ನೋಪ್, ಆಮೇಲೆ ಫೋಟ್, ಮೂವರಿಗೂ ಬೇರೆ ಬೇರೆ ಕಾಲದಲ್ಲಿ ಇದೇ ಬಿರುದು ಸಿಕ್ಕಿತು. ಅಪ್ಪನ ಕಡೆಯವರು ಚೀನಾ ಮೂಲದವರು, ಅಮ್ಮ ಮೋನ್ ಜನಾಂಗದವರು.

ಫೋಟ್ ಹುಟ್ಟಿದ್ದು 1887ರ ಮಾರ್ಚ್ 29ರಂದು, ಬ್ಯಾಂಕಾಕಿನಲ್ಲಿ. ಓದಿನಲ್ಲಿ ಚುರುಕು. ಸರ್ಕಾರವೇ ಖರ್ಚು ಕೊಟ್ಟು 1904ರಲ್ಲಿ ಜರ್ಮನಿಗೆ ಕಳಿಸಿತು. ಅಲ್ಲಿ ಸೈನಿಕ ಶಿಕ್ಷಣ ಮುಗಿಸಿ, ಕೆಲಕಾಲ ಡೆನ್ಮಾರ್ಕಿನಲ್ಲಿ ಎಂಜಿನಿಯರಿಂಗ್ ಕಲಿತು, ಊರಿಗೆ ಬಂದು ಫಿರಂಗಿ ದಳ ಸೇರಿದರು.

ಇನ್ನು ನಿಮ್ಮ 'ಯಾಕೆ'. ಆಗ ಸೈನ್ಯದಲ್ಲೂ ಸರ್ಕಾರದಲ್ಲೂ ತುದಿಯ ಕುರ್ಚಿಗಳು ರಾಜಕುಮಾರರಿಗೇ. ಯುರೋಪಿನಲ್ಲಿ ಓದಿ ಬಂದ ಸಾಮಾನ್ಯರ ಮಕ್ಕಳು ಎಷ್ಟೇ ದುಡಿದರೂ ಒಂದು ಹಂತದಲ್ಲಿ ನಿಂತುಬಿಡುತ್ತಿದ್ದರು. ಸಾಲದ್ದಕ್ಕೆ ಜಗತ್ತಿನ ಆರ್ಥಿಕ ಕುಸಿತ ಬಂತು. ಸಂಬಳ ಕಡಿತವಾಯಿತು, ಎಷ್ಟೋ ನೌಕರರ ಕೆಲಸ ಹೋಯಿತು. 1927ರಲ್ಲಿ ಪ್ಯಾರಿಸ್ಸಿನಲ್ಲಿ ಏಳು ಜನ ಸೇರಿ ಕಟ್ಟಿದ್ದ 'ಖನ ರಾತ್ಸದೋನ್' ಎಂಬ ಗುಂಪಿಗೆ ಫೋಟ್ ಅವರಂಥ ಹಿರಿಯ ಅಧಿಕಾರಿಗಳು ಬಂದು ಸೇರಿದರು. ಖನ ಅಂದರೆ ಗಣ. ರಾತ್ಸದೋನ್ ಅಂದರೆ ಪ್ರಜೆಗಳು.

1932ರ ಜೂನ್ 24ರ ಬೆಳಗಿನ ಜಾವ ರಾಜನ ಸಂಪೂರ್ಣ ಅಧಿಕಾರವನ್ನು ಕೊನೆಗಾಣಿಸುವ ಕೆಲಸ ಶುರುವಾಯಿತು. ಒಬ್ಬ ಅಧಿಕಾರಿ ಅಶ್ವದಳದ ಬ್ಯಾರಕ್ಕಿಗೆ ಹೋಗಿ, ಚೀನೀಯರ ಗಲಭೆ ಎದ್ದಿದೆ ಅಂತ ಸುಳ್ಳು ಹೇಳಿ ಸೈನಿಕರನ್ನು ಹೊರಡಿಸಿದ. ಶಸ್ತ್ರಾಗಾರದ ಬಾಗಿಲಿಗೆ ಹಾಕಿದ್ದ ಸರಪಳಿಯನ್ನು ಕಟ್ಟರ್ ಹಿಡಿದು ಕತ್ತರಿಸಿದವರು ಸ್ವತಃ ಫ್ರಯಾ ಫಹೋನ್. ವಯಸ್ಸು 45, ಇಡೀ ಗುಂಪಿಗೇ ಹಿರಿಯರು! ಬೆಳಗಾಗುವ ಹೊತ್ತಿಗೆ ಅರಮನೆಯ ಮೈದಾನದಲ್ಲಿ ನಿಂತು ಘೋಷಣೆ ಓದಿದರು. ರಾಜ ಪ್ರಜಾಧಿಪೋಕ್ ಆಗ ಹುವಾ ಹಿನ್ ಎಂಬ ಕಡಲೂರಿನಲ್ಲಿದ್ದರು. ಸಂವಿಧಾನಕ್ಕೆ ಒಪ್ಪಿಕೊಂಡರು.

ಇನ್ನೊಬ್ಬ ಸದಸ್ಯರ ಪ್ರಶ್ನೆ:
ಬಂದೂಕು ಹಿಡಿದು ಬಂದವರನ್ನು ಪ್ರಜಾಪ್ರಭುತ್ವದವರು ಅನ್ನಬಹುದಾ ಮೇಡಂ? ಅಲ್ಲಿ ಆಮೇಲೆ ಸೈನ್ಯದ ಕಾಟವೇ ಜಾಸ್ತಿಯಾಯಿತು, ಅಲ್ವಾ?

ಉತ್ತರ:
ನಿಮ್ಮ ಮಾತಿನಲ್ಲಿ ನ್ಯಾಯವಿದೆ. ಸೈನ್ಯ ರಾಜಕೀಯಕ್ಕೆ ಕಾಲಿಟ್ಟ ಬಾಗಿಲನ್ನು ತೆರೆದವರಲ್ಲಿ ಇವರೂ ಒಬ್ಬರು. ಒಂದೇ ಸಲ ಅಲ್ಲ, ಎರಡು ಸಲ. 1933ರ ಏಪ್ರಿಲ್‌ನಲ್ಲಿ ಅಂದಿನ ಪ್ರಧಾನಿ ಫ್ರಯಾ ಮನೋಪಕೋನ್ ಸಂಸತ್ತನ್ನೇ ಮುಚ್ಚಿಸಿದರು. ಜೂನ್ 20ರಂದು ಫಹೋನ್ ಮತ್ತೆ ಸೈನ್ಯ ತಂದು ಆ ಸರ್ಕಾರವನ್ನು ಇಳಿಸಿ, ಸಂಸತ್ತನ್ನು ತೆರೆಸಿ, ತಾವೇ ಪ್ರಧಾನಿಯಾದರು. ಅದೇ ಅಕ್ಟೋಬರಿನಲ್ಲಿ ರಾಜಕುಮಾರ ಬೊವೊರದೇಜ್ ಈ ಸರ್ಕಾರದ ವಿರುದ್ಧ ಪಡೆ ಕಟ್ಟಿಕೊಂಡು ಬ್ಯಾಂಕಾಕಿನ ಉತ್ತರದ ಡಾನ್ ಮುವಾಂಗ್‌ವರೆಗೂ ಬಂದರು. ಬಾಂಗ್ ಖೆನ್ ಸುತ್ತಮುತ್ತ ಕಾಳಗವಾಯಿತು. ಮೊದಲು ಪ್ರಶ್ನೆ ಕೇಳಿದ ಸರ್, ಇದೂ ನೀವಿರುವ ಕಡೆಯೇ.

ಆದರೆ ನಾನು ಇವರನ್ನು ತೂಗುವುದು ಇಳಿದ ರೀತಿಯಿಂದ. 1932ರಲ್ಲಿ ಗೆದ್ದ ದಿನವೇ ಪ್ರಧಾನಿಯಾಗಬಹುದಿತ್ತು. ಆ ಕುರ್ಚಿಯನ್ನು ಗುಂಪಿನ ಹೊರಗಿದ್ದ ನ್ಯಾಯಾಧೀಶರೊಬ್ಬರಿಗೆ ಬಿಟ್ಟರು. ಮನೋಪಕೋನ್ ಅವರೇ ಆ ನ್ಯಾಯಾಧೀಶರು. 1937ರಲ್ಲಿ ರಾಜಮನೆತನದ ಜಮೀನುಗಳನ್ನು ಕೆಲವರಿಗೆ ಅಗ್ಗಕ್ಕೆ ಮಾರಿದ ವಿಷಯ ಸಂಸತ್ತಿಗೆ ಬಂದಾಗ ರಾಜೀನಾಮೆ ಕೊಟ್ಟರು, ಮತ್ತೆ ಕರೆದಾಗ ಬಂದರು. 1938ರಲ್ಲಿ ಸಂಸತ್ತಿನ ಮತದಾನದಲ್ಲಿ ಸರ್ಕಾರ ಸೋತಿತು. ಸೈನ್ಯ ಕಳಿಸಲಿಲ್ಲ, ಚುನಾವಣೆಗೆ ಹೋದರು. ಚುನಾವಣೆ ಮುಗಿದ ಮೇಲೆ "ಇನ್ನು ನನಗೆ ಬೇಡ" ಅಂತ ಸರಿದರು. ಡಿಸೆಂಬರ್ 16ರಂದು ಪ್ರಧಾನಿಯಾದವರು ಫಿಬುನ್ ಸೊಂಗ್‌ಖ್ರಾಮ್. ವಿಪುಲ ಸಂಗ್ರಾಮ! ಆ ಹೆಸರಿನಂತೆಯೇ ಮುಂದಿನ ಕಾಲ ಗಡುಸಾಯಿತು. ಬಿರುದುಗಳನ್ನು 1942ರಲ್ಲಿ ರದ್ದು ಮಾಡಿದ್ದೂ ಅವರದೇ ಸರ್ಕಾರ.

ಮೊದಲ ಸದಸ್ಯರು ಮತ್ತೆ:
ಅವರ ಕೊನೆಯ ದಿನಗಳಲ್ಲಿ ಕೈಯಲ್ಲಿ ದುಡ್ಡೇ ಇರಲಿಲ್ಲ ಅಂತಾರೆ. ನಿಜವಾ ಮೇಡಂ? ನೋಡಲು ಅವರ ಗುರುತು ಏನಾದರೂ ಉಳಿದಿದೆಯಾ?

ಉತ್ತರ:
ವಾಸವಿದ್ದದ್ದು ಪರುಸಕವನ್ ಅರಮನೆಯಲ್ಲಿ. ಆದರೆ ಅದು ಸರ್ಕಾರ ಇರಲು ಕೊಟ್ಟ ಜಾಗ. ಪಾರ್ಶ್ವವಾಯು ಬಡಿದು, 1947ರ ಫೆಬ್ರವರಿ 14ರಂದು, 59ನೇ ವಯಸ್ಸಿನಲ್ಲಿ ತೀರಿಕೊಂಡರು. ಐದೂವರೆ ವರ್ಷ ದೇಶ ಆಳಿದವರ ಮನೆಯಲ್ಲಿ ಅಂತ್ಯಕ್ರಿಯೆಗೆ ಬೇಕಾದಷ್ಟು ಹಣವೂ ಇರಲಿಲ್ಲ ಎಂದು ಥಾಯ್ ಜನ ಇಂದಿಗೂ ಹೇಳಿಕೊಳ್ಳುತ್ತಾರೆ. ನನಗೆ ಓದಿದಾಗಲೆಲ್ಲ ಮನಸ್ಸು ಭಾರವಾಗುತ್ತದೆ.

ಗುರುತುಗಳು ಒಂದೊಂದಾಗಿ ಹೋಗುತ್ತಿವೆ. ಕ್ರಾಂತಿಯ ಘೋಷಣೆ ಓದಿದ ಜಾಗದಲ್ಲಿ 1936ರಲ್ಲಿ ಅವರೇ ಹೂಳಿಸಿದ್ದ ಹಿತ್ತಾಳೆ ಫಲಕ 2017ರ ಏಪ್ರಿಲ್‌ನಲ್ಲಿ ಕಾಣೆಯಾಯಿತು. ಲೋಪ್‌ಬುರಿಯಲ್ಲಿ ಅವರ ಹೆಸರಿದ್ದ ಸೈನಿಕ ಶಿಬಿರಕ್ಕೆ 2020ರಲ್ಲಿ ಬೇರೆ ಹೆಸರು ಬಂತು. ಅಲ್ಲಿದ್ದ ಪ್ರತಿಮೆಯನ್ನೂ ತೆಗೆದರು. ನಿಮ್ಮ ರಸ್ತೆ ಮಾತ್ರ ಹಾಗೇ ಇದೆ. ಬ್ಯಾಂಕಾಕಿನ ವಿಜಯ ಸ್ಮಾರಕದಿಂದ ಉತ್ತರದ ಗಡಿ ಮೇ ಸಾಯ್‌ವರೆಗೆ ಸುಮಾರು 1,000 ಕಿಲೋಮೀಟರ್.

ನೋಡಲೇಬೇಕು ಅಂದರೆ ಒಂದು ಜಾಗವಿದೆ. ನಿಮ್ಮ ಸ್ಟೇಷನ್ನಿನಿಂದ ಅದೇ ರಸ್ತೆಯಲ್ಲಿ ಉತ್ತರಕ್ಕೆ ಹೋಗಿ, ವಾಟ್ ಫ್ರ ಸಿ ಮಹಾಥಾಟ್ ಎಂಬ ನಿಲ್ದಾಣದಲ್ಲಿ ಇಳಿಯಿರಿ. ಬಾಂಗ್ ಖೆನ್‌ನ ಆ ಬೌದ್ಧ ದೇವಾಲಯವನ್ನು ಪ್ರಜಾಪ್ರಭುತ್ವದ ನೆನಪಿಗೆ ಕಟ್ಟಿದ್ದು. ಅಲ್ಲಿ ಮೊಟ್ಟಮೊದಲು ಭಿಕ್ಷು ದೀಕ್ಷೆ ಪಡೆದವರು ಇವರೇ. ಸ್ತೂಪದ ಒಳಗೋಡೆಯ ಗೂಡುಗಳಲ್ಲಿ 1932ರ ಸಂಗಾತಿಗಳ ಜೊತೆ ಇವರ ಚಿತಾಭಸ್ಮವೂ ಇದೆ. ಹೋದಾಗ ಒಂದು ಹೂವಿಡಿ. ಬಂದು ಇಲ್ಲಿ ಬರೆಯಿರಿ.