ಜೂನ್‌ನಲ್ಲಿ ಕ್ರೂಸ್, ಮಕ್ಕಳಿಗೆ ಸ್ಕೂಲ್: ದಂಡ ಕಟ್ಟಿ ಹೋಗಿಬಿಡಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಮಗಳು ಇಯರ್ 4. ಮಗ ರಿಸೆಪ್ಷನ್, ಅಂದರೆ ಸ್ಕೂಲಿನ ಮೊದಲ ತರಗತಿ, ಮೇ ತಿಂಗಳಲ್ಲಿ ಐದು ತುಂಬುತ್ತದೆ. ಊರಿಂದ ಅತ್ತೆ, ಮಾವ ಬರುತ್ತಿದ್ದಾರೆ. ಅವರನ್ನೂ ಕರೆದುಕೊಂಡು ಸೌತಾಂಪ್ಟನ್‌ನಿಂದ ನಾರ್ವೆಗೆ ಏಳು ರಾತ್ರಿಯ ಕ್ರೂಸ್ ಹೋಗುವ ಆಸೆ. ಜೂನ್‌ನಲ್ಲಿ ಹೋದರೆ ಆಗಸ್ಟ್‌ಗಿಂತ ಸಾವಿರ ಪೌಂಡ್ ಉಳಿಯುತ್ತದೆ, ಆದರೆ ಐದು ದಿನ ಸ್ಕೂಲ್ ತಪ್ಪುತ್ತದೆ. ದಂಡ ಕಟ್ಟಿದರಾಯಿತು ಅನ್ನುತ್ತಾರೆ ನಮ್ಮ ಯಜಮಾನರು. ಜ್ವರ ಅಂತ ಹೇಳಿಬಿಡು ಅನ್ನುತ್ತಾಳೆ ಗೆಳತಿ. ನೀವು ಸ್ಕೂಲಿನಲ್ಲಿ ಹಾಜರಾತಿ ನೋಡಿಕೊಳ್ಳುವವರು, ಏನು ಮಾಡಲಿ?

ಉತ್ತರ: ಜ್ವರದ ಮಾತು ಮೊದಲು ಬಿಡಿ. ಮಗಳು ಹೇಗೋ ಬಾಯಿ ಮುಚ್ಚಿಕೊಂಡರೂ ರಿಸೆಪ್ಷನ್ ಮಗ ಮಾರನೇ ದಿನವೇ ದೊಡ್ಡ ಹಡಗಿನ ಚಿತ್ರ ಬರೆದು, ಟೀಚರ್ ಅದನ್ನು ಗೋಡೆಗೆ ಅಂಟಿಸಿರುತ್ತಾರೆ. ಇಂಥದ್ದು ನಾನು ನೋಡಿದ್ದೇನೆ. ಮಕ್ಕಳ ಕೈಲಿ ಸುಳ್ಳು ಹೇಳಿಸುವುದು ನನಗಂತೂ ದಂಡಕ್ಕಿಂತ ಬೇಜಾರಿನ ವಿಷಯ.

2013ರಿಂದ ಇಲ್ಲಿ ಹೆಡ್‌ಟೀಚರ್ ತೀರಾ ಅಪರೂಪದ ಕಾರಣವಿದ್ದರೆ ಮಾತ್ರ ಟರ್ಮ್ ನಡುವೆ ರಜೆ ಕೊಡಬಹುದು. ಟಿಕೆಟ್ ಅಗ್ಗ ಅನ್ನುವುದು ಅಂಥ ಕಾರಣವಲ್ಲ. ಅತ್ತೆ, ಮಾವ ಬರುತ್ತಾರೆ ಅಂದರೂ ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದರೂ ಬುಕ್ ಮಾಡುವ ಮುಂಚೆ ಕೇಳಿ ಒಂದು ಪತ್ರ ಬರೆಯಿರಿ. ಇಲ್ಲ ಅಂದಮೇಲೂ ಹೋದರೆ ರಿಜಿಸ್ಟರಿನಲ್ಲಿ 'ಜಿ' ಅಂತ ಬೀಳುತ್ತದೆ, ಅಂದರೆ ಅನುಮತಿ ಇಲ್ಲದ ಪ್ರವಾಸ.

ಈಗ ಲೆಕ್ಕ. ಬೆಳಿಗ್ಗೆ ಒಂದು ಸೆಷನ್, ಮಧ್ಯಾಹ್ನ ಒಂದು. ಹತ್ತು ವಾರದೊಳಗೆ ಇಂಥ ಹತ್ತು ಸೆಷನ್ ತಪ್ಪಿದರೆ ದಂಡ ಹಾಕುವ ಪ್ರಶ್ನೆ ಬರುತ್ತದೆ. ನಿಮ್ಮ ಐದು ದಿನ ಸರಿಯಾಗಿ ಅಷ್ಟೇ. 2024ರ ಆಗಸ್ಟ್‌ನಿಂದ ದಂಡ 80 ಪೌಂಡ್, 21 ದಿನದೊಳಗೆ ಕಟ್ಟಬೇಕು. ತಪ್ಪಿದರೆ 28 ದಿನದೊಳಗೆ 160. ಇದು ಒಂದು ಮಗುವಿಗೆ, ಒಬ್ಬೊಬ್ಬ ಪೋಷಕರಿಗೂ ಬೇರೆ ಬೇರೆ. ಕಂತಿಲ್ಲ, ಅಪೀಲೂ ಇಲ್ಲ.

ನಿಮ್ಮ ಮಗನದು ಒಳ್ಳೆ ಅದೃಷ್ಟ. ಮೇ ತಿಂಗಳಲ್ಲಿ ಐದು ತುಂಬುವ ಮಗುವಿಗೆ ಕಾನೂನಿನ ಕಡ್ಡಾಯ ಶುರುವಾಗುವುದು ಬೇಸಿಗೆ ರಜೆ ಕಳೆದ ಮೇಲೆ. ಹಾಗಾಗಿ ಅವನಿಗೆ ದಂಡವಿಲ್ಲ. ಮಗಳಿಗೆ ಮಾತ್ರ, 21 ದಿನದೊಳಗೆ ಕಟ್ಟಿದರೆ ಅಪ್ಪ, ಅಮ್ಮ ಇಬ್ಬರದೂ ಸೇರಿ 160 ಪೌಂಡ್.

ಹಾಗಾದರೆ ಯಜಮಾನರ ಲೆಕ್ಕ ಸರಿ ಅಲ್ವಾ ಅನ್ನಬೇಡಿ. ಅದು ಒಂದು ಸಲಕ್ಕೆ ಸರಿ. ಮೂರು ವರ್ಷದೊಳಗೆ ಅದೇ ಮಗುವಿಗೆ ಎರಡನೇ ಸಲವಾದರೆ ಒಬ್ಬೊಬ್ಬರಿಗೂ ನೇರ 160, ಬೇಗ ಕಟ್ಟಿದರೂ ಕಡಿಮೆಯಿಲ್ಲ. ಮೂರನೇ ಸಲಕ್ಕೆ ದಂಡದ ನೋಟಿಸೇ ಇಲ್ಲ, ಸಾಮಾನ್ಯವಾಗಿ ಕೋರ್ಟು. ಅಲ್ಲಿ 2,500 ಪೌಂಡ್‌ವರೆಗೂ ಹಾಕಬಹುದು. ನಾವು ಡಿಸೆಂಬರ್‌ನಲ್ಲಿ ಊರಿಗೆ ಹೋದವರು ಒಂದು ವಾರ ಜಾಸ್ತಿ ಇದ್ದು ಬರುವವರು. ಮೊದಲ ಸಲವನ್ನು ಕ್ರೂಸ್‌ಗೆ ಖರ್ಚು ಮಾಡಬೇಕಾ, ಯೋಚಿಸಿ.

ಇನ್ನೊಂದು. ಇಯರ್ 4 ಮಕ್ಕಳಿಗೆ ಮಗ್ಗಿ ಪರೀಕ್ಷೆ ಇರುವುದು ಜೂನ್‌ನಲ್ಲೇ: 25 ಪ್ರಶ್ನೆ, ಒಂದೊಂದಕ್ಕೆ ಆರು ಸೆಕೆಂಡ್. ತಾರೀಖು ಯಾವುದು ಅಂತ ಟೀಚರನ್ನು ಕೇಳಿಕೊಳ್ಳಿ. ಮೇ ಕೊನೆಯ ಹಾಫ್ ಟರ್ಮ್ (ಟರ್ಮ್ ನಡುವಿನ ಸ್ಕೂಲ್ ರಜೆ) ಪಕ್ಕದಲ್ಲಿ ಶಿಕ್ಷಕರ ತರಬೇತಿ ದಿನ ಬಂದಿದೆಯಾ ಅಂತಲೂ ನೋಡಿ, ಒಂದು ದಿನ ಹಾಗೇ ಸಿಗುತ್ತದೆ.

ಇನ್ನೊಬ್ಬರು: ನಾಲ್ಕೇ ದಿನ ಹೋದರೆ ಎಂಟು ಸೆಷನ್. ಬಚಾವ್ ಅಲ್ವಾ ಮೇಡಂ?

ಉತ್ತರ: ಸುಮ್ನೆ ಜಾಣತನ ಮಾಡಬೇಡಿ ಸರ್! ಆ ಹತ್ತು ವಾರದಲ್ಲಿ ಇನ್ನೊಂದು ದಿನ ಅನುಮತಿಯಿಲ್ಲದೆ ತಪ್ಪಿದರೆ ಹತ್ತು ತುಂಬಿತು. ಬೇಕಂತಲೇ ತುಂಡು ತುಂಡಾಗಿ ಹೋಗುತ್ತಾರೆ ಅನ್ನಿಸಿದರೆ ಹತ್ತು ತುಂಬುವ ಮೊದಲೇ ಊರಿನ ಕೌನ್ಸಿಲ್ (ಸ್ಥಳೀಯ ಆಡಳಿತ) ದಂಡ ಹಾಕಬಹುದು. ಐಲ್ ಆಫ್ ವೈಟ್‌ನ ಜಾನ್ ಪ್ಲಾಟ್ ಮಗಳನ್ನು ಫ್ಲೋರಿಡಾಗೆ ಕರೆದುಕೊಂಡು ಹೋಗಿ, ಮಗಳ ಒಟ್ಟು ಹಾಜರಾತಿ ಚೆನ್ನಾಗಿದೆ ಅಂತ ವಾದಿಸಿದ್ದರು. ಕೆಳಗಿನ ಕೋರ್ಟುಗಳಲ್ಲಿ ಗೆದ್ದರು. 2017ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ಮತ್ತೊಬ್ಬರು: ಅಕ್ಕಾ, ನವೆಂಬರ್‌ನಲ್ಲಿ ಹಾಸನದಲ್ಲಿ ನನ್ನ ತಮ್ಮನ ಮದುವೆ. ಅದಕ್ಕೂ ಹೀಗೇನಾ?

ಉತ್ತರ: ಅದು ಹೆಡ್‌ಟೀಚರ್ ಕೈಲಿದೆ, ಆದರೆ ಕ್ರೂಸ್‌ಗಿಂತ ಗಟ್ಟಿ ಕಾರಣ. ಲಗ್ನಪತ್ರಿಕೆ ಜೊತೆಗಿಟ್ಟು ಈಗಲೇ ಬರೆಯಿರಿ. ಮದುವೆಗೆ, ಪ್ರಯಾಣಕ್ಕೆ ಬೇಕಾದಷ್ಟೇ ದಿನ ಕೇಳಿ. ಬೀಗರೂಟ, ಧರ್ಮಸ್ಥಳ ಎಲ್ಲ ಸೇರಿಸಿ ಮೂರು ವಾರ ಕೇಳಿದರೆ ಸಿಗುವುದೂ ಸಿಗುವುದಿಲ್ಲ.