ಪಕ್ಕದ ಮನೆಯಲ್ಲಿ ಒಬ್ಬರೇ ಇರುವ ಹಿರಿಯರು: ನಿಮ್ಮ ಅನುಭವ ತಿಳಿಸುವಿರಾ?

ಬನಶಂಕರಿಯಿಂದ, ಪ್ರಶ್ನೆ

ನಮ್ಮ ಪಕ್ಕದ ಮನೆಯಲ್ಲಿ 79 ವರ್ಷದ ಹಿರಿಯರೊಬ್ಬರು ಒಬ್ಬರೇ ಇದ್ದಾರೆ. ಯಜಮಾನರು ಹೋದ ವರ್ಷ ತೀರಿಕೊಂಡರು, ಮಗ ಕೆನಡಾದಲ್ಲಿದ್ದಾರೆ, ಮಹಡಿಯ ಬಾಡಿಗೆದಾರರು ಮನೆ ಖಾಲಿ ಮಾಡಿ ನಾಲ್ಕು ತಿಂಗಳಾಯಿತು. ಕಳೆದ ವಾರ ಅವರ ಗೇಟಿಗೆ ತೂಗುಹಾಕಿದ ಚೀಲದಲ್ಲಿ ನಂದಿನಿ ಹಾಲಿನ ಪ್ಯಾಕೆಟ್ ಹನ್ನೊಂದು ಗಂಟೆಯಾದರೂ ಹಾಗೆಯೇ ಇತ್ತು. ಬೆಲ್ ಒತ್ತಿ, ಕಿಟಕಿ ತಟ್ಟಿ, ಅರ್ಧ ಗಂಟೆ ಕಾದ ಮೇಲೆ ಅವರು ಗೋಡೆ ಹಿಡಿದುಕೊಂಡು ಬಂದು ಬಾಗಿಲು ತೆರೆದರು, ರಾತ್ರಿಯಿಡೀ ಜ್ವರವಿತ್ತಂತೆ. ಒಂದು ಫೋನ್ ಮಾಡಬಾರದಿತ್ತೇ ಎಂದರೆ, "ನಿಮಗೆಲ್ಲ ಯಾಕೆ ತೊಂದರೆ" ಎಂದರು. ಅವರ ಮನಸ್ಸಿಗೆ ನೋವಾಗದಂತೆ, ನಾವು ತಲೆಹಾಕುತ್ತಿದ್ದೇವೆ ಎಂದೂ ಅನ್ನಿಸದಂತೆ ನಿಗಾ ಇಡುವುದು ಹೇಗೆ? ಇಂಥ ಜವಾಬ್ದಾರಿ ಹೊತ್ತವರು ದಯವಿಟ್ಟು ತಿಳಿಸಿ.

ಹನುಮಂತನಗರದಿಂದ

ನಮ್ಮ ಎದುರುಮನೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಒಂಬತ್ತು ವರ್ಷ ಅವರ ಪಕ್ಕ ಬಾಳಿದ್ದರಿಂದ ಕಲಿತದ್ದನ್ನು ಹೇಳುತ್ತೇನೆ. ಕಲಿತದ್ದು ತಡವಾಗಿ, ಅದೂ ಒಂದು ಅವಘಡದ ನಂತರ.

ಅವರ ಮನೆಯ ಬೀಗದ ಕೀ ನಮ್ಮ ಬಳಿ ಇದೆಯಲ್ಲ ಎಂಬ ಧೈರ್ಯದಲ್ಲಿದ್ದೆವು. ಒಂದು ಬೆಳಿಗ್ಗೆ ಅವರು ಬಚ್ಚಲುಮನೆಯಲ್ಲಿ ಜಾರಿಬಿದ್ದರು. ಕೀ ತೆಗೆದುಕೊಂಡು ಓಡಿದರೆ ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು, ಹಿಂಬಾಗಿಲಿಗೆ ಅಡ್ಡಪಟ್ಟಿ, ಬಚ್ಚಲುಮನೆಗೂ ಚಿಲಕ. ಕಳ್ಳರ ಭಯಕ್ಕೆ ಮಾಡಿಸಿದ ಕಬ್ಬಿಣದ ಗ್ರಿಲ್ ಕತ್ತರಿಸಲು ವೆಲ್ಡಿಂಗ್ ಅಂಗಡಿಯವರನ್ನು ಕರೆತರುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು, ಮತ್ತು ಅಷ್ಟು ಹೊತ್ತೂ ಅವರು ಒದ್ದೆ ನೆಲದ ಮೇಲೆ, ತೊಡೆಯ ಸಂದಿನ ಮೂಳೆ ಮುರಿದುಕೊಂಡು, ನಮ್ಮ ದನಿ ಕೇಳುತ್ತಾ ಮಲಗಿದ್ದರು. ಆದ್ದರಿಂದ ಕೀ ಕೇಳುವುದಕ್ಕಿಂತ ಮೊದಲು ಚಿಲಕದ ಮಾತಾಡಿ. ಹೊರಗಿನಿಂದಲೂ ಕೀ ಹಾಕಿ ತೆಗೆಯಬಹುದಾದ ಬೀಗವೊಂದನ್ನು ಮುಂಬಾಗಿಲಿಗೆ ಕೂರಿಸಿ, ರಾತ್ರಿ ಅದನ್ನಷ್ಟೇ ಬಳಸುವಂತೆ ಒಪ್ಪಿಸಿ. ಒಬ್ಬರೇ ಇರುವ ಮನೆಯಲ್ಲಿ ಬಚ್ಚಲುಮನೆಗೆ ಚಿಲಕದ ಅಗತ್ಯವೇ ಇಲ್ಲ. ಕೀಯನ್ನು ನಾವು ಲಕೋಟೆಯಲ್ಲಿಟ್ಟು, ಅಂಟಿಸಿದ ಜಾಗದ ಮೇಲೆ ಅವರದೇ ಸಹಿ ಹಾಕಿಸಿಕೊಂಡಿದ್ದೆವು. ಲಕೋಟೆ ಒಡೆದಿಲ್ಲ ಎಂಬುದನ್ನು ಅವರು ಯಾವಾಗ ಬೇಕಾದರೂ ನೋಡಬಹುದಿತ್ತು. ಆ ಸಣ್ಣ ಏರ್ಪಾಡು ಅವರ ಸಂಕೋಚವನ್ನು ಬಹಳಷ್ಟು ಕಳೆಯಿತು.

ದಿನವೂ ಬೆಲ್ ಒತ್ತಿ ವಿಚಾರಿಸಬೇಡಿ. ಮನೆಯೇ ಹೇಳುತ್ತದೆ. ಹಾಲಿನ ಚೀಲ, ಬಾಗಿಲ ಮುಂದಿನ ರಂಗೋಲಿ, ಸಂಜೆ ದೇವರ ಮನೆಯ ದೀಪ, ಕಾವೇರಿ ನೀರು ಬಿಟ್ಟ ದಿನ ಸಂಪು ತುಂಬಿದ ಮೇಲೆ ಹಾಕುವ ಮೋಟರಿನ ಸದ್ದು, ಇವುಗಳಲ್ಲಿ ಎರಡು ತಪ್ಪಿದರೆ ವಿಚಾರಿಸಬೇಕು ಎಂದು ಮೇಷ್ಟ್ರ ಎದುರೇ ಮಾತಾಗಿತ್ತು. ಅವರ ಎದುರೇ ಎಂಬುದು ಮುಖ್ಯ, ಏಕೆಂದರೆ ಗೊತ್ತಿಲ್ಲದಂತೆ ಗಮನಿಸಿದರೆ ಅದು ಬೇಹುಗಾರಿಕೆಯಾಗುತ್ತದೆ. ಹಾಲು ಹಾಕುವ ಹುಡುಗನಿಗೂ ಹೂವಿನವರಿಗೂ ನಮ್ಮ ನಂಬರ್ ಕೊಟ್ಟಿದ್ದೆವು. ಬೆಳಿಗ್ಗೆ ಐದೂವರೆಗೆ ನಿನ್ನೆಯ ಪ್ಯಾಕೆಟ್ ಅಲ್ಲೇ ಇರುವುದನ್ನು ಕಾಣುವವರು ಅವರೇ ತಾನೆ?

ಮಲ್ಲೇಶ್ವರದಿಂದ

ನಾನು ನಿವೃತ್ತ ದಾದಿ. ಆರೋಗ್ಯದ ವಿಷಯದಲ್ಲಿ ನೆರೆಯವರಿಗೆ ಗೊತ್ತಿರಲೇಬೇಕಾದ ಕೆಲವನ್ನಷ್ಟೇ ಬರೆಯುತ್ತೇನೆ.

ನಿನ್ನೆಯವರೆಗೆ ಸರಿಯಾಗಿ ಮಾತನಾಡುತ್ತಿದ್ದ ಹಿರಿಯರು ಇಂದು ತಡವರಿಸಿದರೆ, ಹೊತ್ತು ಗೊತ್ತಿಲ್ಲದಂತೆ ವರ್ತಿಸಿದರೆ, "ವಯಸ್ಸಾಯಿತಲ್ಲ" ಎಂದು ಸುಮ್ಮನಾಗಬೇಡಿ. ರಕ್ತದ ಸಕ್ಕರೆ ಇಳಿದಿರಬಹುದು, ಮೂತ್ರದ ಸೋಂಕಿರಬಹುದು, ಸೋಡಿಯಂ ಕಡಿಮೆಯಾಗಿರಬಹುದು. ವಯಸ್ಸಾದವರಲ್ಲಿ ಸೋಂಕು ತಗಲಿದಾಗ ಜ್ವರವೇ ಬಾರದೆ ಗೊಂದಲ ಮಾತ್ರ ಕಾಣಿಸಿಕೊಳ್ಳುವುದೂ ಉಂಟು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ತಿಂಡಿ ಬಿಟ್ಟವರು, ಎಚ್ಚರವಿದ್ದು ನುಂಗಬಲ್ಲವರಾದರೆ, ಸಕ್ಕರೆ ನೀರು ಕುಡಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಕರೆ ಮಾಡಿ. ಪಾರ್ಶ್ವವಾಯುವಿನಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುವುದರಿಂದ, ವೈದ್ಯರು ಕೇಳುವ ಮೊದಲ ಪ್ರಶ್ನೆ "ಕೊನೆಯ ಬಾರಿ ಚೆನ್ನಾಗಿದ್ದದ್ದನ್ನು ನೋಡಿದ್ದು ಯಾವಾಗ" ಎಂಬುದು. ಒಂಟಿಯಾಗಿರುವವರ ವಿಷಯದಲ್ಲಿ ಅದಕ್ಕೆ ಉತ್ತರ ಹೇಳಬಲ್ಲವರು ನೀವು ಮಾತ್ರ.

ಬಿದ್ದವರನ್ನು ತಕ್ಷಣ ತೋಳು ಹಿಡಿದು ಎಬ್ಬಿಸಬೇಡಿ. ಸೊಂಟ ಅಥವಾ ಕುತ್ತಿಗೆ ನೋವೆಂದರೆ ಹೊದಿಕೆ ಹೊದಿಸಿ ಆಂಬುಲೆನ್ಸ್ ಬರುವವರೆಗೆ ಅಲ್ಲೇ ಇರಲಿ. ನುಂಗುವ ಮಾತ್ರೆಗಳ ಹೆಸರು, ಅಲರ್ಜಿ, ಮಕ್ಕಳ ಮತ್ತು ವೈದ್ಯರ ನಂಬರ್ ಬರೆದ ಒಂದು ಹಾಳೆ ಫ್ರಿಜ್ ಬಾಗಿಲ ಮೇಲಿರಲಿ. ರಕ್ತ ತೆಳುವಾಗಿಸುವ ಮಾತ್ರೆಯಿದ್ದರೆ ಅದನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ಅಂಥವರು ತಲೆಗೆ ಪೆಟ್ಟು ಮಾಡಿಕೊಂಡರೆ, ನೋವಿಲ್ಲವೆಂದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು.

ರಾಜಾಜಿನಗರದಿಂದ

ಇನ್ನೊಂದು ಅಪಾಯ ಫೋನಿನಲ್ಲಿ ಬರುತ್ತದೆ. ನಮ್ಮ ಬೀದಿಯ ಹಿರಿಯರೊಬ್ಬರು ಎರಡು ದಿನ ವಾಕಿಂಗಿಗೆ ಬರಲಿಲ್ಲ, ಕಿಟಕಿಯಿಂದಲೇ ಮಾತನಾಡಿ ಕಳುಹಿಸಿದರು. ಮೂರನೆಯ ದಿನ ಬ್ಯಾಂಕಿಗೆ ಹೊರಟವರನ್ನು ಜೊತೆಗೂಡಿ ಕೇಳಿದಾಗ ತಿಳಿಯಿತು: ಯಾರೋ ಪೊಲೀಸ್ ಸಮವಸ್ತ್ರ ತೊಟ್ಟು ವಿಡಿಯೋ ಕರೆಯಲ್ಲಿ "ಡಿಜಿಟಲ್ ಅರೆಸ್ಟ್" ಎಂದು ಹೆದರಿಸಿ, ಯಾರಿಗೂ ಹೇಳಕೂಡದೆಂದು ತಾಕೀತು ಮಾಡಿದ್ದರು. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಹಣ ಹೋಗಿದ್ದರೆ ಒಂದು ಗಳಿಗೆಯೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಿರಿಯರು ಇದ್ದಕ್ಕಿದ್ದಂತೆ ಬಾಗಿಲು ತೆರೆಯಲು ಹಿಂಜರಿದರೆ ಅದನ್ನೂ ಒಂದು ಸೂಚನೆಯೆಂದು ಎಣಿಸಿ.

ಪುಣೆಯಿಂದ

ನನ್ನ ತಾಯಿ ವಿಜಯನಗರದಲ್ಲಿ ಒಬ್ಬರೇ ಇದ್ದಾರೆ, ಹಾಗಾಗಿ ಮಗನ ಕಡೆಯಿಂದ ಎರಡು ಮಾತು. ಕೆನಡಾದಲ್ಲಿರುವ ಆ ಮಗನ ನಂಬರ್ ಇಂದೇ ಪಡೆದುಕೊಳ್ಳಿ, ಆದರೆ ತಾಯಿಗೆ ತಿಳಿಸದೆ ಕರೆ ಮಾಡಬೇಡಿ. ನನ್ನ ತಾಯಿಯ ನೆರೆಯವರು ಒಮ್ಮೆ ಹಾಗೆ ಮಾಡಿದ್ದಕ್ಕೆ ಅಮ್ಮ ಮೂರು ತಿಂಗಳು ಅವರಿಂದ ಎಲ್ಲವನ್ನೂ ಮುಚ್ಚಿಟ್ಟರು. ಎಲ್ಲವನ್ನೂ ನೀವೇ ಹೊರಬೇಕಾಗಿಯೂ ಇಲ್ಲ. ಬೆಂಗಳೂರು ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ ನಡೆಸುವ ಹಿರಿಯರ ಸಹಾಯವಾಣಿ 1090. ದೇಶಕ್ಕೆಲ್ಲ ಒಂದೇ ಆದ ಎಲ್ಡರ್‌ಲೈನ್ 14567. ಪಿಂಚಣಿಯ ಜೀವಿತ ಪ್ರಮಾಣಪತ್ರವನ್ನು ಅಂಚೆಯವರು ಮನೆಗೇ ಬಂದು ಮಾಡಿಕೊಡುತ್ತಾರೆ. ನವೆಂಬರಿನಲ್ಲಿ ಅಮ್ಮ ಬ್ಯಾಂಕಿನ ಸಾಲಿನಲ್ಲಿ ನಿಲ್ಲುವುದು ಅದರಿಂದ ತಪ್ಪಿತು.

ಗಾಂಧಿಬಜಾರಿನಿಂದ

ನೀವೆಲ್ಲ ಯಾರ ಬಗ್ಗೆ ಬರೆಯುತ್ತಿದ್ದೀರೋ ಅಂಥವಳು ನಾನು. ನನಗೆ 81. ಬರೆದು ಕೊಡುತ್ತಿರುವವಳು ಮೊಮ್ಮಗಳು, ಮಾತು ನನ್ನದು.

ಮೇಲೆ ಹೇಳಿದ್ದೆಲ್ಲ ಸರಿ, ಚಿಲಕದ ಮಾತಂತೂ ನಾನು ಇಂದೇ ಪಾಲಿಸುವವಳಿದ್ದೇನೆ. ಆದರೆ "ನಿಮಗೆಲ್ಲ ಯಾಕೆ ತೊಂದರೆ" ಎಂದು ಆಕೆ ಏಕೆ ಅಂದರು ಎಂದು ಯಾರೂ ಕೇಳಲಿಲ್ಲ. ನಮ್ಮೆಜಮಾನರು ಹೋದ ವರ್ಷ ನಮ್ಮ ಬೀದಿಯಲ್ಲಿ ನನಗೆ ಗೌರಿ ಹಬ್ಬದ ಕರೆ ನಿಂತುಹೋಯಿತು. ಯಾರೂ ಕೆಟ್ಟವರಲ್ಲ, ನನಗೆ ನೋವಾದೀತೆಂದು ಕರೆಯಲಿಲ್ಲವಂತೆ. ಅಲ್ಲಿಯವರೆಗೆ ಮನೆಮನೆಗೆ ಹೋಗಿ ಹಾಡು ಹೇಳಿಕೊಡುತ್ತಿದ್ದವಳು ನಾನು. ಆಮೇಲೆ ಆ ಮನೆಗಳಿಂದಲೇ ಡಬ್ಬಿಯಲ್ಲಿ ಸಾರು ಪಲ್ಯ ಬರತೊಡಗಿತು. ತೆಗೆದುಕೊಂಡೆ, ಆದರೆ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವುದು ನನಗೆ ಬಹಳ ಕಷ್ಟವಾಯಿತು. ಕೊಡುವುದಕ್ಕೆ ತನ್ನಲ್ಲೇನೂ ಉಳಿದಿಲ್ಲ ಎನ್ನಿಸಿದವರು ಜ್ವರ ಬಂದಾಗ ಫೋನ್ ಮಾಡುವುದಿಲ್ಲ ತಾಯಿ. ಆಕೆಯಿಂದ ಏನನ್ನಾದರೂ ಕೇಳಿ ಪಡೆಯಿರಿ. ಹುಳಿಪುಡಿಯ ಅಳತೆ ಕೇಳಿ, ಮಗುವಿಗೆ ಮಗ್ಗಿ ಹೇಳಿಕೊಡಿ ಎನ್ನಿ. ಹಬ್ಬಕ್ಕೆ ಕರೆಯಿರಿ, ಎಲ್ಲರಿಗೂ ಕೊಟ್ಟ ತಾಂಬೂಲವನ್ನೇ ಕೊಡಿ. ಆಮೇಲೆ ಕೀ ಕೇಳಿ, ಕೊಡುತ್ತಾರೆ.

ಬನಶಂಕರಿಯಿಂದ, ಮತ್ತೆ

ಎಲ್ಲರಿಗೂ ಕೃತಜ್ಞತೆಗಳು. ಗಾಂಧಿಬಜಾರಿನ ಅಮ್ಮನವರ ಮಾತು ಓದಿ ನನಗೆ ಎರಡು ದಿನ ಬೇರೆ ಯೋಚನೆ ಬರಲಿಲ್ಲ, ಏಕೆಂದರೆ ಈ ವರ್ಷದ ಗೌರಿ ಹಬ್ಬಕ್ಕೆ ನಾನೂ ಪಕ್ಕದ ಮನೆಗೆ ಹೋಗಿ ಕರೆದಿರಲಿಲ್ಲ. ನಿನ್ನೆ ಸಂಜೆ ಹೋಗಿ, ನವರಾತ್ರಿಗೆ ಮಗಳು ಗೊಂಬೆ ಕೂರಿಸಬೇಕೆನ್ನುತ್ತಿದ್ದಾಳೆ, ನನಗೆ ಕ್ರಮ ಗೊತ್ತಿಲ್ಲ, ಹೇಳಿಕೊಡುತ್ತೀರಾ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ನಂತರ, ತಮ್ಮ ಪಟ್ಟದ ಗೊಂಬೆಗಳು ಅಟ್ಟದ ಮೇಲೆ ಪೆಟ್ಟಿಗೆಯಲ್ಲಿವೆ, ಯಜಮಾನರು ಹೋದ ಮೇಲೆ ಇಳಿಸಿಲ್ಲ, ಇಳಿಸಲು ನಿಮ್ಮ ಮನೆಯವರನ್ನು ಕಳುಹಿಸಿ ಎಂದರು. ಭಾನುವಾರ ಪೆಟ್ಟಿಗೆ ಇಳಿಸುತ್ತೇವೆ. ಅದೇ ದಿನ ಬಡಗಿಯನ್ನೂ ಬರಹೇಳಿದ್ದೇನೆ. ನಮ್ಮ ಮನೆಯ ಬಚ್ಚಲುಮನೆಯ ಚಿಲಕವನ್ನೂ ಬದಲಾಯಿಸಬೇಕಿದೆ ಎಂದಾಗ, ಹಾಗಾದರೆ ನಮ್ಮದನ್ನೂ ನೋಡಲಿ ಎಂದು ಅವರೇ ಹೇಳಿದ್ದಾರೆ.